ಹಬ್ಬಕ್ಕೆ ತೊಳೆದ ರೈಲುಹಳಿ

ಅಪ್ಪ ಅಜ್ಜಂಪುರದಲ್ಲಿ ಹಳಿ ನೋಡಿಕೊಳ್ಳುವ ರೈಲ್ವೆ ಗ್ಯಾಂಗ್‌ಮನ್. ಎಪ್ಪತ್ತರ ದಶಕದ ಕೊನೆಗೆ ಅವರು ನಿವೃತ್ತರಾಗುವ ಹೊತ್ತಿಗೆ ಅಣ್ಣನಿಗೊಂದು ಹುಚ್ಚು ಹಿಡಿಯಿತು. ಅಪ್ಪ ಕೆಲಸಕ್ಕೆ ಸೇರಿದಾಗ ಇದ್ದಂಥ ಹಳಿಯನ್ನೇ ಮೊಳದುದ್ದದ ಹಲಗೆಯ ಮೇಲೆ ಮಾಡಿ ಕೊಡಬೇಕು, ಅಪ್ಪ ನೋಡಿ "ಇದು ನಮ್ಮ ಹಳಿ" ಅನ್ನಬೇಕು.

ಕಡೂರಿನ ಕೊಡೆ ರಿಪೇರಿಯವನಿಂದ ತಂದ ಕಡ್ಡಿಗಳೇ ಕಂಬಿ, ಬಿದಿರಿನ ಸೀಳುಗಳೇ ಕಂಬಿಯಡಿಯ ಸ್ಲೀಪರು. ಅದು ಎರಡು ದಿನದ ಕೆಲಸ. ಅದನ್ನು ಹಳೆಯದು ಮಾಡುವುದಕ್ಕೆ ಒಂದು ತಿಂಗಳು ಹಿಡಿಯಿತು. ದಿನಾ ಉಪ್ಪುನೀರು ಸವರಿ ತುಕ್ಕು ಹಿಡಿಸಿದ, ಚಕ್ರ ಉರುಳುವ ನೆತ್ತಿಯನ್ನು ಮಾತ್ರ ಉಜ್ಜಿ ಹೊಳೆಯಿಸಿದ. ಎಂಜಿನ್ ನಿಲ್ಲುವ ಕಡೆ ಹರಳೆಣ್ಣೆ ಬೆರೆಸಿದ ದೀಪದ ಮಸಿ ತೊಟ್ಟಿಕ್ಕಿಸಿದ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ, ಓದಿದವನು ಕೊಳೆ ಮಾಡಲು ಇಷ್ಟು ಕಷ್ಟಪಡುವುದು ನೋಡಿ ನಗು.

ನಿವೃತ್ತಿಗೆ ಹತ್ತು ದಿನವಿದ್ದಾಗ ಆಯುಧಪೂಜೆ ಬಂತು. ಮನೆಯ ಕಬ್ಬಿಣವನ್ನೆಲ್ಲ ತೊಳೆಯುವುದು ನನ್ನ ಪಾಲಿನ ಕೆಲಸ. ಕುಡುಗೋಲು, ಮಚ್ಚು, ಈಳಿಗೆಮಣೆ, ಅಪ್ಪನ ಹಾರೆ ಆಯಿತು. ಮೂಲೆಯಲ್ಲಿ ಹಲಗೆ ಕಂಡಿತು. ಅದೂ ಕಬ್ಬಿಣವೇ ತಾನೆ? ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದೆ. ಅರ್ಧ ತಿಕ್ಕಿದ ಮೇಲೆ ಅಣ್ಣನ ನೆನಪಾಯಿತು. ಅರ್ಧಕ್ಕೆ ಬಿಟ್ಟರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಪೂರ್ತಿ ತಿಕ್ಕಿ, ವಿಭೂತಿ ಎಳೆದು, ಕುಂಕುಮವಿಟ್ಟು ಹಾರೆಯ ಪಕ್ಕ ಇಟ್ಟೆ.

ಅಣ್ಣ ಬಂದು ನಿಂತ. "ಯಾರೇ ಇದನ್ನ ತೊಳೆದಿದ್ದು?"

"ಅಜ್ಜಿ ಕಣೋ," ಅಂದುಬಿಟ್ಟೆ.

ಕಿವಿ ಕೇಳದ ಅಜ್ಜಿ ಕಂಬಿಯ ಹೊಳಪು ನೋಡಿ, "ಹಬ್ಬ ಅಂದ್ರೆ ಹಿಂಗಿರ್ಬೇಕು ಕಣಪ್ಪಾ," ಅಂದರು. ಅಜ್ಜಿಯ ಮೇಲೆ ರೇಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಪೂಜೆಗೆ ಬಂದ ಅಪ್ಪ ಬಗ್ಗಿ ನೋಡಿದರು. "ಯಾವ ಲೈನೋ ಇದು? ಒಂದು ರೈಲೂ ಓಡಿದಂಗಿಲ್ಲ."

ಅಣ್ಣ ತಲೆ ತಗ್ಗಿಸಿ ಎಲ್ಲ ಹೇಳಿದ. ಅಪ್ಪ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. "ಮಸಿ ತಗಂಬಾ. ಎಂಜಿನ್ ಎಲ್ಲಿ ಎಣ್ಣೆ ಸುರುಸ್ತಿತ್ತು ಅಂತ ನಾನ್ ತೋರುಸ್ತೀನಿ."

ಹತ್ತು ದಿನ ಇಬ್ಬರೂ ತಲೆಗೆ ತಲೆ ತಾಗಿಸಿ ಹಳಿಗೆ ವಯಸ್ಸು ತುಂಬಿದರು. ಉಪ್ಪುನೀರು ಕಲಸಿ ಕೊಟ್ಟವಳು ನಾನೇ. ಹೇಳಲು ಹತ್ತು ದಿನವಿತ್ತು, ಹೇಳಲಿಲ್ಲ. ನಿವೃತ್ತಿಯ ದಿನ ಅಪ್ಪ ಹಲಗೆಯನ್ನು ಗ್ಯಾಂಗಿನವರಿಗೆಲ್ಲ ತೋರಿಸಿ, "ನಮ್ಮ ಹಳಿ," ಅಂದರು.

"ನಮ್ಮಜ್ಜಿ ರೈಲುಹಳೀನೂ ತೊಳೆದುಬಿಟ್ಟಿದ್ರು," ಎಂದು ಅಣ್ಣ ಈಗಲೂ ನೆಂಟರ ಮುಂದೆ ನಗುತ್ತಾನೆ. ಅಜ್ಜಿ ಆ ಅಪವಾದ ಹೊತ್ತೇ ಹೋದರು.

ಅಣ್ಣಾ, ತೊಳೆದವಳು ನಾನು. ಆದರೂ ಒಂದು ಮಾತು. ಅಜ್ಜಿಗೆ ಆಗ ಬಗ್ಗುವುದಕ್ಕೇ ಆಗುತ್ತಿರಲಿಲ್ಲ. ಅಷ್ಟು ಓದಿದವನು, ಒಂದು ಸಲವಾದರೂ ಯೋಚಿಸಬೇಕಿತ್ತು.