ಒಂಬತ್ತನೆಯ ಕಿಟಕಿ

ಆಗೆಲ್ಲ ನಮ್ಮ ಕಡೆ ಹೊಸ ಮನೆಯನ್ನು ಜನ ಮೊದಲು ನೋಡುತ್ತಿದ್ದುದು ನೆಲದ ಮೇಲಿನ ಸುಣ್ಣದ ಪುಡಿಯ ಗೆರೆಗಳಲ್ಲೇ. ನಾನು ಆರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಚಿನಕುರಳಿ ಹತ್ತಿರದ ನಮ್ಮೂರಲ್ಲಿ, ಕೊಟ್ಟಿಗೆ ಪಕ್ಕದ ಖಾಲಿ ಜಾಗದಲ್ಲಿ ಮೇಸ್ತ್ರಿ ದಾರ ಹಿಡಿದು ಗೋಡೆಗಳ ಗೆರೆ ಹಾಕಿದ. ಹೊರಗೋಡೆ ಒಂಬತ್ತು ಇಂಚು, ಒಳಗಿನದು ನಾಲ್ಕೂವರೆ.

ಹಳೆಯ ಮನೆಯಲ್ಲಿ ಎಲ್ಲರೂ ಹಜಾರದಲ್ಲೇ ಮಲಗುತ್ತಿದ್ದೆವು. ಇಲ್ಲಿ ನನಗೇ ಒಂದು ಕೋಣೆ, ಮೂರಡಿ ಅಗಲದ ಕಿಟಕಿ! ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬರುವ ಹೊತ್ತಿಗೆ ಆ ಗೆರೆಗಳೊಳಗೆ ಹೋಗಿ ನಿಲ್ಲುತ್ತಿದ್ದೆ. ಬಾಗಿಲಿನ ಜಾಗದಿಂದಲೇ ಬರಬೇಕು. ನನ್ನ ತಮ್ಮ ಗೋಡೆಯ ಗೆರೆ ತುಳಿದು ಓಡಿದರೆ ಜಗಳ.

ಒಂದು ಸಂಜೆ ಅಮ್ಮ ಅಡುಗೆಮನೆಯ ಗೆರೆಯೊಳಗೆ ನಿಂತಳು. "ಇಲ್ಲಿ ಮುದ್ದೆ ತಿರುವ್ತಾ ನಿಂತ್ರೆ ಕೊಟ್ಟಿಗೆನೇ ಕಾಣಾಕಿಲ್ಲ. ಕರ ಬಿಚ್ಕೊಂಡು ಹಾಲೆಲ್ಲ ಕುಡುದ್ರೂ ಗೊತ್ತಾಗಾಕಿಲ್ಲ. ಇಲ್ಲೊಂದು ಕಿಟ್ಕಿ ಇಡ್ಸಿ."

ಮೇಸ್ತ್ರಿ ತಲೆ ಕೆರೆದುಕೊಂಡ. "ಆಗ್ಲೇ ಎಂಟವೆ ಕಣಕ್ಕ. ಒಂಬತ್ತಾದ್ರೆ ಬೆಸ ಆಯ್ತದೆ." ಕಿಟಕಿಗಳ ಲೆಕ್ಕ ಸಮ ಇರಬೇಕೆಂಬುದು ನಮ್ಮಲ್ಲಿ ಯಾರೂ ಮೀರದ ಮಾತು.

"ಹತ್ತು ಮಾಡ್ಬುಡು ಅತ್ಲಾಗೆ," ಎಂದರು ಅಪ್ಪ.

"ಕೊನೇಲಿ ಸೊನ್ನೆ ಬತ್ತದಲ್ಲ ಗೌಡ್ರೇ, ಅದೂ ಆಗಾಕಿಲ್ಲ."

ಹಾಗಾದರೆ ಇರುವುದರಲ್ಲಿ ಒಂದನ್ನು ಕೈಬಿಡಬೇಕು. ಬೀದಿ ಕಡೆಯದನ್ನು ಬಿಡಲು ಅಪ್ಪನಿಗೆ ಮನಸ್ಸಿರಲಿಲ್ಲ. ಕಣ್ಣು ನನ್ನ ಕೋಣೆಯ ಮೇಲೆ ಬಿತ್ತು. "ಮಲಗಾಕೆ ಕಿಟ್ಕಿ ಯಾಕ್ಲಾ? ಮಗೀದು ತೆಗ್ದಾಕು."

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಸ್ತ್ರಿ ನನ್ನ ಗೆರೆ ಅಳಿಸಿದನೇನೋ ಎಂದು ಊಟದ ನಡುವೆ ಎದ್ದು ಓಡುತ್ತಿದ್ದೆ. ಯಾವ ಮೂಲೆಯಿಂದ ಎಣಿಸಿದರೂ ಅಷ್ಟೇ. ನಾನು ಬರೆಯುತ್ತಿದ್ದ ದಿನಚರಿ ಪುಸ್ತಕದಲ್ಲಿ ಆ ವಾರವೆಲ್ಲ ಒಂದೇ ಅಂಕಿ: ಒಂಬತ್ತು.

ಪಕ್ಕದ ಕೋಣೆ ಅಜ್ಜಿಗೆಂದು ಗುರುತಾಗಿತ್ತು. ಎಲೆಅಡಿಕೆ ಮೆಲ್ಲುತ್ತ ಬಂದವಳು ನಮ್ಮಿಬ್ಬರ ಕೋಣೆಗಳ ನಡುವಿನ ಗೆರೆಯನ್ನು ಕೋಲಿನಿಂದ ಕೆದಕಿ ಅಳಿಸಿದಳು.

"ಅಜ್ಜೀ, ಅದು ಗೋಡೆ!" ಎಂದು ಮೇಸ್ತ್ರಿ ಕೂಗಿದ.

"ಬಿದ್ದೋಯ್ತು ಬುಡ್ಲಾ. ನಂದೂ ಮಗೀದೂ ಸೇರ್ಸಿ ಆರಡೀದು ಒಂದೇ ಕಿಟ್ಕಿ ಮಾಡು. ಸರ್ಯೋಯ್ತಾ ನಿನ್ ಲೆಕ್ಕ?"

"ಎಂಟೇ ಆಯ್ತು ಕಣಜ್ಜಿ," ಮೇಸ್ತ್ರಿ ನಕ್ಕ. ನಾನು ಅತ್ತುಬಿಟ್ಟೆ. ಕಿಟಕಿ ಉಳಿಯಿತು, ಕೋಣೆ ಹೋಯಿತು.

"ನಿನ್ ಕಡೆ ಮೂರಡಿ ನಿಂದೇ ಕಣವ್ವ, ನಾನು ಮುಟ್ಟಾಕಿಲ್ಲ," ಎಂದಳು ಅಜ್ಜಿ.

ಆ ಕಿಟಕಿಗೆ ನಾಲ್ಕು ಕದ, ಎರಡು ನನ್ನವು, ಎರಡು ಅವಳವು. ನಡುವೆ ನಾನು ಸೀಮೆಸುಣ್ಣದ ಗೆರೆ ಎಳೆದಿದ್ದೆ. ಓದುವಾಗ ಪುಟ ಹಾರುತ್ತವೆಂದು ನಾನು ನನ್ನವನ್ನು ಮುಚ್ಚಿದರೆ, ಸೆಕೆ ಎಂದು ಅವಳು ತನ್ನವನ್ನು ತೆರೆಯುವಳು. ಗಾಳಿಯೂ ನಿಲ್ಲಲಿಲ್ಲ, ಜಗಳವೂ ನಿಲ್ಲಲಿಲ್ಲ. ಅವಳ ಕೈ ಮಾತ್ರ ಗೆರೆ ದಾಟಿ ಎಂದೂ ಬರಲಿಲ್ಲ.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಅಡುಗೆಮನೆ ಕಿಟಕಿಯಿಂದ ಅಮ್ಮ ಈಗಲೂ ಕರುವನ್ನು ಗದರುತ್ತಾಳೆ. ಬೆಳಗ್ಗೆ ನನ್ನ ಎರಡು ಕದ ತೆರೆಯುತ್ತೇನೆ. ಆಮೇಲೆ ಆ ಕಡೆ ಹೋಗಿ ಅವಳವನ್ನೂ ತೆರೆಯುತ್ತೇನೆ. ಮೂರಡಿಗಾಗಿ ಅಷ್ಟು ಒದ್ದಾಡಿದ್ದೆ. ಈಗ ಆರಡಿಯೂ ನನ್ನದೇ.