ಇನ್ನೊಂದು ಅವಸರ

ಗಡಿನಾಡಿನ ಮುಳ್ಳೇರಿಯದಲ್ಲಿ ನನ್ನ ಡಿಟಿಪಿ ಅಂಗಡಿಯ ಎದುರಿಗೇ ಒಂದು ಹೋಟೆಲು ಉಂಟು. ಅಲ್ಲಿನ ಅರೆಬೆಂದ ಕೋಳಿ ತಿಂದು ಹೊಟ್ಟೆ ಕೆಟ್ಟವರಲ್ಲಿ ನಾನೂ ಒಬ್ಬ. ಅಧಿಕಾರಿಗಳು ಬಂದು ಹೋಟೆಲು ಮುಚ್ಚಿಸಿದರು. ಮತ್ತೆ ತೆರೆಯಲು ಒಪ್ಪಿಗೆ ಸಿಕ್ಕಿದ ದಿನ ಮಾಲಕರು ಚೀಟಿ ಹಿಡಿದು ನನ್ನಲ್ಲಿಗೆ ಬಂದರು. ಬಾಗಿಲಿಗೆ ಅಂಟಿಸಲು ಕನ್ನಡದಲ್ಲೊಂದು ನೋಟೀಸು ಬೇಕಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಏನಾದರೂ ನೆಪ ಹೇಳಿದ್ದರೆ ಟೈಪ್ ಮಾಡುವುದಿಲ್ಲವೆಂದುಕೊಂಡೇ ಚೀಟಿ ಬಿಡಿಸಿದೆ.

ನೆಪ ಇರಲಿಲ್ಲ. ‘ಮದುವೆ ಆರ್ಡರಿನ ಗಡಿಬಿಡಿಯಲ್ಲಿ ಕೋಳಿ ಸರಿಯಾಗಿ ಬೇಯಲಿಲ್ಲ. ತಪ್ಪು ನಮ್ಮದೇ. ದಯವಿಟ್ಟು ಇನ್ನೊಂದು ಅವಸರ ಕೊಡಿ’ ಎಂದಿತ್ತು.

ಅವರು ಮಲಯಾಳದಲ್ಲಿ ಓದಿದವರು. ಆ ಭಾಷೆಯಲ್ಲಿ ಅವಸರವೆಂದರೆ ಅವಕಾಶ.

“ಕನ್ನಡದಲ್ಲಿ ಅವಸರ ಅಂದ್ರೆ ಅರ್ಜೆಂಟು. ಅದರಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು?” ಎಂದೆ.

ಅವರು ನಗಲಿಲ್ಲ. ಚೀಟಿಯ ಆ ಪದದ ಮೇಲೆ ಬೆರಳಿಟ್ಟರು.

“ಹಾಗಾದ್ರೆ ಇನ್ನು ಅವಸರ ಇಲ್ಲ ಅಂತ ಹಾಕಿ. ಬೇಯುವವರೆಗೆ ಕಾಯ್ಬೇಕು ಅಂತಲೂ ಹಾಕಿ.”

ದಪ್ಪ ಅಕ್ಷರದಲ್ಲಿ ಹಾಗೆಯೇ ಪ್ರಿಂಟ್ ತೆಗೆದುಕೊಟ್ಟೆ.

ಹೋಟೆಲು ತೆರೆದ ದಿನ ಮಧ್ಯಾಹ್ನ ಹೋಗಿ ಕೂತು ಕೋಳಿಸಾರು ಹೇಳಿದೆ. ಅರ್ಧ ಗಂಟೆಯಾದರೂ ಬರಲಿಲ್ಲ. ಹಸಿವೆಯಲ್ಲಿ ನನಗೆ ತಾಳ್ಮೆ ಕಡಿಮೆ.

“ಎಂತ ಮಾರಾಯ್ರೆ, ಇನ್ನೂ ಆಗಲಿಲ್ವಾ?” ಎಂದು ಕೂಗಿದೆ.

ಮಾಲಕರು ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, ಕೈಯಲ್ಲಿದ್ದ ಸೌಟಿನಿಂದ ಬಾಗಿಲಿನ ನೋಟೀಸು ತೋರಿಸಿದರು.