ಸೊಸೆ ನಿಂತು ನೋಡಿದ ಧಾರಾವಾಹಿ

ಮೊನ್ನೆ ತಿ. ನರಸೀಪುರದಿಂದ ನಂಜನಗೂಡಿನ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟಿನವರ ಮೊಬೈಲಿನಿಂದ ಹಳೆಯದೊಂದು ಹಾಸ್ಯ ಧಾರಾವಾಹಿಯ ಸಂಗೀತ ಕೇಳಿಸಿತು. ಹೆಸರು ಬೇಡ ಬಿಡಿ. ತೊಂಬತ್ತರ ದಶಕದಲ್ಲಿ ಟೀವಿ ಇದ್ದ ಮನೆಯವರಿಗೆಲ್ಲ ಅಂಥದ್ದೊಂದು ನೆನಪಿರುತ್ತದೆ.

ಅಪ್ಪನಿಗೆ ಬಾಳೆಹಣ್ಣಿನ ಮಂಡಿಯಿತ್ತು. ಆ ಧಾರಾವಾಹಿಯ ದಿನ ಮಾತ್ರ ಬೇಗ ಬಾಗಿಲು ಹಾಕಿ ಬಂದುಬಿಡುತ್ತಿದ್ದರು. ಅದರಲ್ಲೊಬ್ಬಳು ಸೊಸೆ. ಸಕ್ಕರೆ ಕಾಯಿಲೆಯ ಮಾವ ಕದ್ದು ತಿನ್ನುವ ಮೈಸೂರುಪಾಕನ್ನು ಕಿತ್ತುಕೊಂಡು, ಸೋಫಾದಲ್ಲಿ ಅವನ ಪಕ್ಕದಲ್ಲೇ ಕೂತು, ತಾನೇ ತಿಂದು ಮುಗಿಸುವಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೊಸೆ ಅಂದರೆ ಹೀಗಿರಬೇಕು ನೋಡು ಎಂದು ಅಮ್ಮನಿಗೆ ವಾರವಾರವೂ ಹೇಳುತ್ತಿದ್ದರು.

ಅವರ ಸ್ವಂತ ಸೊಸೆ, ನನ್ನ ಅತ್ತಿಗೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿರುತ್ತಿದ್ದರು. ಮಾವನೆದುರು ಸೊಸೆ ಕೂರುವಂತಿಲ್ಲ. ಯಾರೂ ಗದರಿ ಹೇಳಿದ್ದಲ್ಲ, ಮದುವೆಯಾಗಿ ಬಂದ ದಿನದಿಂದ ಅದು ಹಾಗೇ. ಅಪ್ಪ ಕೆಟ್ಟವರೆಂದುಕೊಳ್ಳಬೇಡಿ, ಸೊಸೆಯ ಮೇಲೆ ಒಮ್ಮೆಯೂ ದನಿ ಎತ್ತಿದವರಲ್ಲ. ಇನ್ನು ನಾನೋ, ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಕಾಲೇಜಿನಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ಭಾಷಣ ಮಾಡಿ ಗೆದ್ದ ಸ್ಟೀಲ್ ಲೋಟದಲ್ಲಿ ಕಾಫಿ ಹೀರುತ್ತಿದ್ದೆ. ಆ ಕಾಫಿಯನ್ನೂ ಅತ್ತಿಗೆಯೇ ತಂದುಕೊಡುತ್ತಿದ್ದರು.

ಅತ್ತಿಗೆಗೆ ಏಳು ತಿಂಗಳಾಗಿದ್ದಾಗಿನ ಮಾತು. ಕಾಲುಗಳು ಊದಿಕೊಂಡಿದ್ದವು. ಆ ವಾರ ಟೀವಿಯ ಸೊಸೆಯೂ ಬಸುರಿ. ಅವಳ ಮಾವ ತಾನೇ ಎದ್ದು, ಕುರ್ಚಿ ಎಳೆದು, ಕೂತ್ಕೋ ಮಗಳೇ ಎಂದ. ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ಆಗ ಬಾಗಿಲ ಬಳಿಯಿಂದ ಸಣ್ಣ ದನಿ ಬಂತು.

"ಮಾವ, ನಾನೂ ಒಸಿ ಕೂತ್ಕಳ್ಳಾ?"

ಅಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. ಆದರೆ ಅಕ್ಕರೆಯಿಂದಲೇ ಹೇಳಿದರು.

"ಒಳಕ್ಕೋಗಿ ಕೂತ್ಕಳವ್ವ. ಯಾರ್ ಬ್ಯಾಡ ಅಂದ್ರು?"

ಟೀವಿ ಇದ್ದದ್ದು ನಡುಮನೆಯಲ್ಲಿ. ಅತ್ತಿಗೆ ಒಳಗೆ ಹೋದರು. ಪಾತ್ರೆ ತೊಳೆಯುವ ಸದ್ದು ಕೇಳಿತು. ನಾನು ಎದ್ದು ನನ್ನ ಕುರ್ಚಿಯನ್ನು ಬಾಗಿಲ ಬಳಿ ಹಾಕಬಹುದಿತ್ತು. ಅಪ್ಪ ಹೆಚ್ಚೆಂದರೆ ಕೆಮ್ಮುತ್ತಿದ್ದರು. ಮುಂದಿನ ದೃಶ್ಯ ತಪ್ಪಿಹೋಗುತ್ತದೆ ಎಂದು ನಾನು ಏಳಲಿಲ್ಲ. ಅಪ್ಪನದು ರೂಢಿ ಎನ್ನಿ, ನನ್ನದು ಏನು? ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಸ್ಸಿಳಿದು ತವರು ತಲುಪಿದಾಗ ಟೀವಿಯಲ್ಲಿ ಯಾವುದೋ ಧಾರಾವಾಹಿ ಆಗಷ್ಟೇ ಶುರುವಾಗಿತ್ತು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅಣ್ಣ, ಅಣ್ಣನ ಮಗ, ಹೊಸ ಸೊಸೆ ಎಲ್ಲರೂ ಒಂದೇ ಸೋಫಾದಲ್ಲಿ ಕೂತು ನಗುತ್ತಿದ್ದರು. ಅತ್ತಿಗೆ ಮಾತ್ರ ಗೋಡೆಗೆ ಒರಗಿ ನಿಂತಿದ್ದರು. ಇಷ್ಟು ಜಾಗ ಇದೆಯಲ್ಲ, ಕೂತುಕೊಳ್ಳಿ ಅತ್ತಿಗೆ ಎಂದೆ.

"ಬ್ಯಾಡ ಕಣವ್ವ. ಕೂತ್ಕಂಡ್ರೆ ನಂಗೆ ನಗಾನೆ ಬರಕಿಲ್ಲ" ಎಂದರು.

ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ. ಹತ್ತು ನಿಮಿಷಕ್ಕೇ ಮಂಡಿ ನೋಯತೊಡಗಿತು. ಧಾರಾವಾಹಿ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.